ಲೀಲಾಧರರ ಗಂಭೀರ ದೋಷ

ಡೊಂಬಿವಲಿ ಪೂರ್ವದ ಪಡುಗಡಲು ಕನ್ನಡ ಬಳಗವು ನಡೆಸುವ ವಾರ್ಷಿಕ ಚದುರಂಗ ಪಂದ್ಯಾವಳಿಯಲ್ಲಿ ಭಾಗವಹಿಸುವವರು ಮನುಷ್ಯರಾಗಿರತಕ್ಕದ್ದು ಎಂಬ ನಿಯಮವು ಈ ವರ್ಷದಿಂದ ಜಾರಿಗೆ ಬಂದಿದೆ. ಹಿಂದಿನ ಇಪ್ಪತ್ತೊಂದು ವರ್ಷವೂ ಮನುಷ್ಯರೇ ಆಡುತ್ತಿದ್ದರು ಎಂದು ಹಿರಿಯರು ಹೇಳುತ್ತಾರೆ. ಆದರೆ ಅದಕ್ಕೆ ದಾಖಲೆ ಇಲ್ಲವಾದ್ದರಿಂದ ಬಳಗವು ಆ ಬಗ್ಗೆ ಖಚಿತವಾಗಿ ಏನನ್ನೂ ಹೇಳಲು ಬಯಸುವುದಿಲ್ಲ.

ನಿಯಮಕ್ಕೆ ಕಾರಣರಾದವರು ಲೀಲಾಧರರು. ವಯಸ್ಸು ಅರವತ್ತಾರು. ತುರ್ಭೆಯ ಕಾರ್ಖಾನೆಗಳ ನಡುವಿನ ಒಂದು ಹೋಟೆಲಿನಲ್ಲಿ ಮೂವತ್ತೆಂಟು ವರ್ಷ ಸಪ್ಲೈಯರ್ ಆಗಿದ್ದವರು. ಮಧ್ಯಾಹ್ನದ ಸೈರನ್ ಕೂಗಿದೊಡನೆ ಒಳಗೆ ನುಗ್ಗುವ ಹಸಿದ ಜನರಲ್ಲಿ ಯಾವ ಟೇಬಲಿಗೆ ಏನು, ಯಾರಿಗೆ ಚಟ್ನಿ ಬೇಡ, ಯಾರ ಬಿಲ್ಲು ಯಾರ ಲೆಕ್ಕಕ್ಕೆ ಎಂಬುದನ್ನೆಲ್ಲ ಒಂದು ಚೀಟಿಯೂ ಇಲ್ಲದೆ ತಲೆಯಲ್ಲಿಟ್ಟುಕೊಂಡು ಓಡಾಡಿದ ಮನುಷ್ಯ. ಅದೇ ತಲೆಯಿಂದ ಚೆಸ್ಸನ್ನೂ ಆಡುತ್ತಿದ್ದರು. ಹೋಟೆಲಿನವರಿಗೆ ಭಾನುವಾರ ರಜೆ ಎಲ್ಲಿಂದ ಬರಬೇಕು? ಹಾಗಾಗಿ ಪಂದ್ಯಾವಳಿಗೆ ಹೆಸರು ಕೊಟ್ಟದ್ದು ನಿವೃತ್ತಿಯಾದ ಮೇಲೆ, ಇದೇ ಮೊದಲ ಸಲ.

ಬಳಗದ ಸಭಾಂಗಣದ ಗೋಡೆಯಲ್ಲಿ ಒಂದು ತೇಗದ ಹಲಗೆ ಇದೆ. ಗೆದ್ದವರ ಹೆಸರನ್ನು ಅದರ ಮೇಲೆ ಚಿನ್ನದ ಬಣ್ಣದಲ್ಲಿ ಬರೆಸುತ್ತಾರೆ. ಮೂವತ್ತೆಂಟು ವರ್ಷ ‘ಏ ಅಣ್ಣಾ, ಪಾನೀ ಲಾ’ ಎಂದು ಕರೆಸಿಕೊಂಡವರಿಗೆ ತಮ್ಮ ಹೆಸರನ್ನು ಒಮ್ಮೆಯಾದರೂ ಎಲ್ಲಾದರೂ ಪೂರ್ತಿ ಬರೆದದ್ದು ನೋಡಬೇಕೆಂಬ ಆಸೆ ಇತ್ತು. ದೊಡ್ಡ ಆಸೆಯೇ. ಹೆಂಡತಿ ಅಕ್ಕುವನ್ನು ಬಿಟ್ಟು ಬೇರೆ ಯಾರಿಗೂ ಅದನ್ನವರು ಹೇಳಿರಲಿಲ್ಲ.

ಈ ವರ್ಷ ಬಳಗವು ಪಂದ್ಯಾವಳಿಯನ್ನು ಆಧುನೀಕರಿಸಿತು. ಆಧುನೀಕರಣದ ಹೊಣೆ ಹೊತ್ತವನು ಸುಜನ್. ಅವನಿಗೆ ಮಹಾಪೆಯ ಐಟಿ ಪಾರ್ಕಿನಲ್ಲಿ ಕೆಲಸ. ಏನು ಕೆಲಸವೆಂದು ಬಳಗದಲ್ಲಿ ಯಾರಿಗೂ ಅರ್ಥವಾಗದ ಕಾರಣ ಅವನನ್ನು ಸರ್ವಾನುಮತದಿಂದ ತಾಂತ್ರಿಕ ಉಪಸಮಿತಿಯ ಅಧ್ಯಕ್ಷನನ್ನಾಗಿ ಆರಿಸಲಾಗಿತ್ತು. ವೇದಿಕೆಯ ಮೇಲೆ ದೊಡ್ಡ ಪರದೆ ಬಂತು. ಆಟಗಾರರು ಇಡುವ ಪ್ರತಿ ನಡೆಯನ್ನೂ ಯಂತ್ರವೊಂದು ಪರಿಶೀಲಿಸಿ, ಸರಿಯಾದರೆ ಹಸಿರು, ತಪ್ಪಾದರೆ ಕೆಂಪು ತೋರಿಸತೊಡಗಿತು. ಪರದೆಯ ಕೆಳಭಾಗದಲ್ಲಿ ಬಳಗದ ಕಾರ್ಯದರ್ಶಿ ಜಯಶೀಲರ ಕೇಟರಿಂಗಿನ ಜಾಹೀರಾತು. ಪರದೆಯ ಪ್ರಾಯೋಜಕರು ಅವರೇ ಆದ್ದರಿಂದ ಇದರಲ್ಲಿ ಆಕ್ಷೇಪಿಸುವಂಥದ್ದು ಏನೂ ಇರಲಿಲ್ಲ.

ಪರದೆ ಬಂದ ಮೇಲೆ ಸಭಿಕರು ಚದುರಂಗದ ಮಣೆಯನ್ನು ನೋಡುವುದನ್ನು ಬಿಟ್ಟರು. ನೋಡಿದರೆ ಯೋಚಿಸಬೇಕಾಗುತ್ತಿತ್ತು, ಪರದೆಯಲ್ಲಿ ಬಣ್ಣ ಕಂಡರೆ ಸಾಕಾಗುತ್ತಿತ್ತು.

ಮೊದಲ ದಿನ ಲೀಲಾಧರರು ಮೂರು ಆಟ ಗೆದ್ದರು. ಮೂರರಲ್ಲೂ ಪರದೆ ಹಸಿರೋ ಹಸಿರು. ಸಂಜೆ ಅವರನ್ನು ವಿಚಾರಣೆಗೆ ಕರೆಯಲಾಯಿತು.

“ಅಂಕಲ್, ನಿಮ್ಮ ಮೂವ್ಸ್ ಮಶೀನಿನ ಜೊತೆ ತೊಂಬತ್ತಾರು ಪರ್ಸೆಂಟ್ ಮ್ಯಾಚ್ ಆಗ್ತಾ ಇದೆ. ಯೇ ಪಾಸಿಬಲ್ ಹೀ ನಹೀ ಹೈ,” ಎಂದ ಸುಜನ್.

“ಹಾಗಾದ್ರೆ ಮಶೀನು ಚೆಂದ ಆಡ್ತದೆ ಅಂತ ಆಯ್ತು,” ಎಂದರು ಲೀಲಾಧರರು.

“ಅದು ಉತ್ತರ ಅಲ್ಲ ಮಾರಾಯ್ರೇ,” ಎಂದರು ಜಯಶೀಲ. “ಮತ್ತೆ ಆಡುವಾಗ ನಿಮ್ಮ ಬಾಯಿ ಅಲ್ಲಾಡ್ತಾ ಇರ್ತದೆ. ಯಾರ ಹತ್ರ ಮಾತಾಡುದು ನೀವು?”

ಆ ಮಾತುಗಳನ್ನು ಸುಜನ್ ಮೊಬೈಲಿನಲ್ಲಿ ಹಿಡಿದಿಟ್ಟಿದ್ದ. ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಲಾಯಿತು: “ಎರಡನೇ ಟೇಬಲಿಗೆ ಸಾದಾ ದೋಸೆ ಬರ್ಲಿಕ್ಕುಂಟು. ಮೂಲೆಯವನಿಗೆ ವಡೆ ಅದ್ದಿ. ಗೋಡೆ ಬದಿಯವ ಎದ್ದರೆ ಊಟದ ತಟ್ಟೆ ಒಳಗೆ.”

“ಅದು ಅಭ್ಯಾಸಬಲ,” ಎಂದರು ಲೀಲಾಧರರು. “ಕುದುರೆ ಅಂದ್ರೆ ಸಾದಾ ದೋಸೆ, ಆನೆ ಅಂದ್ರೆ ಊಟದ ತಟ್ಟೆ. ಹಾಗೆ ಇಟ್ಕೊಂಡ್ರೆ ನನಗೆ ಹತ್ತು ನಡೆ ಮುಂದಿನದ್ದೂ ಮರೆಯುವುದಿಲ್ಲ.”

“ಅಂದ್ರೆ ಕೋಡ್ ವರ್ಡ್ಸ್,” ಎಂದ ಸುಜನ್. ಆಟಗಾರರು ಗೂಢಭಾಷೆಯ ಬಳಕೆಯನ್ನು ಸ್ವಇಚ್ಛೆಯಿಂದ ಒಪ್ಪಿಕೊಂಡಿರುತ್ತಾರೆ ಎಂದು ನಡಾವಳಿಯಲ್ಲಿ ಬರೆಯಲಾಯಿತು.

ಆಮೇಲೆ ಶೋಧನೆ. ಅಂಗಿ ಬಿಚ್ಚಿಸಿದರು. ಕಿವಿಗೆ ಟಾರ್ಚ್ ಹಾಕಿ ನೋಡಿದರು. ಹಲ್ಲಿನ ಸೆಟ್ಟನ್ನು ತೆಗೆಸಿ ಪೇಪರ್ ಪ್ಲೇಟಿನಲ್ಲಿಟ್ಟು ಎಲ್ಲ ಸದಸ್ಯರೂ ಪರಿಶೀಲಿಸಿದರು. ಅರವತ್ತಾರರ ಮನುಷ್ಯ ಬನಿಯನ್ನಿನಲ್ಲಿ, ಬೊಚ್ಚುಬಾಯಿ ಮುಚ್ಚಿಕೊಂಡು ನಿಂತಿದ್ದರು. ಅವರಿಗೆ ಅಳು ಬಂದಿತ್ತು. ಯಂತ್ರ ಸಿಗಲಿಲ್ಲ. ಸಿಗದಿರುವುದೇ ಆ ಯಂತ್ರವು ಅತ್ಯಂತ ಚಿಕ್ಕದಾಗಿದೆ ಎಂಬುದಕ್ಕೆ ಪುರಾವೆ ಎಂದು ಉಪಸಮಿತಿ ತೀರ್ಮಾನಿಸಿತು.

ಆದರೂ ಬಳಗವು ಆತುರದ ಕ್ರಮಕ್ಕೆ ಮುಂದಾಗಲಿಲ್ಲ. ಮರುದಿನ ಬೆಳಿಗ್ಗೆ ವಾಟ್ಸಾಪ್ ಗುಂಪಿನಲ್ಲಿ ಪ್ರಕಟಣೆ ಬಂತು:

“ತಪ್ಪು ಮಾಡುವುದು ಮನುಷ್ಯ ಸಹಜ ಗುಣವಾಗಿರುವುದರಿಂದ, ಆಟಗಾರರು ಮನುಷ್ಯರೆಂದು ಸಾಬೀತಾಗಲು ಕನಿಷ್ಠ ಒಂದು ಗಂಭೀರ ದೋಷವನ್ನು ಎಸಗತಕ್ಕದ್ದು. ದೋಷವು ಸ್ವಾಭಾವಿಕವಾಗಿರತಕ್ಕದ್ದು. ಬೇಕೆಂದೇ ಮಾಡಿದ ದೋಷವನ್ನು ದೋಷವೆಂದು ಪರಿಗಣಿಸಲಾಗುವುದಿಲ್ಲ. ಅಂತಿಮ ಪಂದ್ಯ ಮುಗಿಯುವುದರೊಳಗೆ ದೋಷ ಎಸಗದವರನ್ನು ಅನರ್ಹಗೊಳಿಸಿ, ಹೆಸರನ್ನು ಸ್ಮರಣ ಸಂಚಿಕೆಯ ‘ಸಂಶಯಾಸ್ಪದರು’ ಎಂಬ ಪುಟದಲ್ಲಿ ಪ್ರಕಟಿಸಲಾಗುವುದು.”

ಪ್ರಕಟಣೆಗೆ ನಲವತ್ತೇಳು ಜನ ಕೈಮುಗಿಯುವ ಚಿತ್ರ ಹಾಕಿದರು.

ಲೀಲಾಧರರಿಗೆ ಊಟ ಸೇರಲಿಲ್ಲ. ಹೆಸರು ಅಚ್ಚಾಗಬೇಕೆಂದು ಆಸೆಪಟ್ಟದ್ದೇನೋ ಹೌದು. ಆದರೆ ಆ ಪುಟದಲ್ಲಲ್ಲ.

“ಎಂತ ಯೋಚನೆ ಮಾಡುದು ಇಷ್ಟು?” ಎಂದಳು ಅಕ್ಕು. “ಒಂದು ತಪ್ಪು ಮಾಡಿಬಿಡಿ. ಮನೆಯಲ್ಲಿ ದಿನಕ್ಕೆ ಹತ್ತು ಮಾಡ್ತೀರಿ. ನಿನ್ನೆ ಗ್ಯಾಸ್ ಬಂದ್ ಮಾಡ್ಲಿಕ್ಕೆ ಮರ್ತದ್ದು ಯಾರು?”

“ಅದು ತನ್ನಷ್ಟಕ್ಕೆ ಆಗುದು ಅಕ್ಕು. ಮಾಡ್ಬೇಕು ಅಂತ ಕೂತ್ರೆ ಬರುದಿಲ್ಲ.”

ಬರಲಿಲ್ಲ, ನಿಜ. ಸೆಮಿಫೈನಲಿನಲ್ಲಿ ಎದುರಿಗಿದ್ದವರು ಕಲ್ಯಾಣದ ಮೋಹಿನಿ ಟೀಚರ್. ಲೀಲಾಧರರು ಮನಸ್ಸು ಗಟ್ಟಿಮಾಡಿ ಒಂದು ಕುದುರೆಯನ್ನು ಪುಕ್ಕಟೆ ಬಿಟ್ಟುಕೊಟ್ಟರು. “ಸರ್, ನಿಮ್ಮ ಕುದುರೆ…” ಎಂದು ಟೀಚರೇ ಗಾಬರಿಯಾದರು. ಪರದೆ ಕೆಂಪಾಯಿತು. ಉಪಸಮಿತಿ ಮಾತ್ರ ಒಪ್ಪಲಿಲ್ಲ. ಅದರ ಟಿಪ್ಪಣಿ ಹೀಗಿತ್ತು: “ಕುದುರೆಯನ್ನು ಬಿಡುವ ಮೊದಲು ಆಟಗಾರರು ನಿಟ್ಟುಸಿರು ಬಿಟ್ಟಿರುವುದು ಕಂಡುಬಂದಿದೆ. ನಿಜವಾದ ದೋಷದಲ್ಲಿ ನಿಟ್ಟುಸಿರು ನಂತರ ಬರತಕ್ಕದ್ದು. ದೋಷ ತಿರಸ್ಕೃತ.” ಒಂದು ಕುದುರೆ ಕಡಿಮೆ ಇದ್ದೂ ಲೀಲಾಧರರು ಗೆದ್ದುದರಿಂದ ಸಂಶಯ ಇನ್ನಷ್ಟು ಬಲವಾಯಿತು.

ಮರುದಿನ ಫೈನಲ್. ಎದುರಾಳಿ ಐರೋಲಿಯ ವಸಂತಕುಮಾರರು. ಬ್ಯಾಂಕಿನಿಂದ ನಿವೃತ್ತರು, ಹಲಗೆಯ ಮೇಲೆ ನಾಲ್ಕು ಸಲ ಹೆಸರು ಬರೆಸಿಕೊಂಡವರು. ಅವರ ದೋಷದ ಕೋಟಾ ಮೊದಲ ಸುತ್ತಿನಲ್ಲೇ ಭರ್ತಿಯಾಗಿತ್ತು. ಆದ್ದರಿಂದ ಅವರು ನಿಶ್ಚಿಂತರಾಗಿದ್ದರು.

ಇಲ್ಲಿ ಒಂದು ತಾಂತ್ರಿಕ ವಿವರ. ಬಳಗವು ತರಿಸಿದ್ದ ಯಂತ್ರ ಮೂರು ದಿನದ ಪ್ರಯೋಗಕ್ಕೆಂದು ಉಚಿತವಾಗಿ ಸಿಕ್ಕಿದ್ದು. ಆ ಅವಧಿ ಫೈನಲಿನ ದಿನ ಬೆಳಿಗ್ಗೆ ಮುಗಿದಿತ್ತು. ಆಮೇಲೆ ಹಣ ಕಟ್ಟದಿದ್ದರೆ ಅದಕ್ಕೆ ಎರಡು ನಡೆಗಳ ಆಚೆ ಏನೂ ಕಾಣಿಸುವುದಿಲ್ಲ. ಹಾಗೆಂಬ ಸೂಚನೆ ಪರದೆಯ ಕೆಳಭಾಗದಲ್ಲಿ ಬರುತ್ತಲೇ ಇತ್ತು. ಅಲ್ಲಿ ಕೇಟರಿಂಗಿನ ಜಾಹೀರಾತು ಇದ್ದುದರಿಂದ ಯಾರಿಗೂ ಕಾಣಲಿಲ್ಲ.

ಲೀಲಾಧರರು ಅಂದು ತಪ್ಪು ಮಾಡಿಯೇ ತೀರಬೇಕೆಂದು ಬಂದಿದ್ದರು. ಇಪ್ಪತ್ತಾರು ನಡೆಯವರೆಗೂ ಒಂದೂ ಆಗಲಿಲ್ಲ. ಇಪ್ಪತ್ತೇಳನೆಯದಕ್ಕೆ ಕೈ ಎತ್ತಿದವರು ಹಾಗೇ ನಿಂತರು. ರಾಣಿಯನ್ನು ಕೊಟ್ಟುಬಿಟ್ಟರೆ? ಎದುರಾಳಿಯ ಆನೆ ಅದನ್ನು ತಿನ್ನಲೇಬೇಕು. ತಿಂದರೆ ಗೋಡೆ ಬದಿಯವ ಎದ್ದ ಹಾಗೆ. ಸಾದಾ ದೋಸೆ ಒಳಗೆ, ತಟ್ಟೆ ಒಳಗೆ, ಒಂದು ಕಾಲಾಳು ಸುಮ್ಮನೆ ಒಂದು ಹೆಜ್ಜೆ. ಐದು ನಡೆಯಲ್ಲಿ ರಾಜನಿಗೆ ಎಲ್ಲಿಯೂ ಜಾಗವಿಲ್ಲ. ಇಂಥದ್ದನ್ನು ಅವರು ಜೀವನದಲ್ಲಿ ಕಂಡಿರಲಿಲ್ಲ. ಕಣ್ಣು ತುಂಬಿಬಂತು. ಹಲಗೆ, ಪುಟ, ಉಪಸಮಿತಿ, ಏನೂ ನೆನಪಿಗೆ ಬರಲಿಲ್ಲ. ರಾಣಿಯನ್ನು ಎತ್ತಿ ಇಟ್ಟರು.

ಪರದೆ ಕೆಂಪಾಯಿತು. ‘ಗಂಭೀರ ದೋಷ’ ಎಂದು ದೊಡ್ಡ ಅಕ್ಷರದಲ್ಲಿ ಮೂಡಿತು. ಸಭಾಂಗಣದಲ್ಲಿ “ಅಯ್ಯಯ್ಯೋ” ಎದ್ದಿತು, ಹಿಂದೆಯೇ ಚಪ್ಪಾಳೆ. “ಆಯ್ತು, ಆಯ್ತು! ಮನುಷ್ಯನೇ!” ಎಂದು ಜಯಶೀಲ ಮೈಕಿನಲ್ಲಿ ಕೂಗಿದರು. ಲೀಲಾಧರರು ಕರವಸ್ತ್ರದಿಂದ ಕಣ್ಣೊರೆಸಿಕೊಂಡದ್ದನ್ನು ಕಂಡು, ದುಃಖವು ದೋಷದ ನಂತರವೇ ಬಂದಿದೆ ಎಂದು ಸುಜನ್ ತೃಪ್ತಿಯಿಂದ ಗುರುತು ಹಾಕಿಕೊಂಡ.

ಐದು ನಡೆ ಕಳೆದ ಮೇಲೆ ಚೆಕ್‌ಮೇಟ್. ಅಷ್ಟು ದೊಡ್ಡ ತಪ್ಪು ಮಾಡಿಯೂ ಲೀಲಾಧರರು ಗೆದ್ದದ್ದು ದೇವರ ದಯೆ ಎಂದು ಎಲ್ಲರೂ ಒಪ್ಪಿಕೊಂಡರು.

ಬಹುಮಾನಕ್ಕೆ ಮೊದಲು ಒಂದು ಪತ್ರಕ್ಕೆ ಸಹಿ ಬೇಕಿತ್ತು. “ನಾನು ಇಪ್ಪತ್ತೇಳನೇ ನಡೆಯಲ್ಲಿ ವಯೋಸಹಜ ಅಜಾಗರೂಕತೆಯಿಂದ ರಾಣಿಯನ್ನು ಕಳೆದುಕೊಂಡಿರುತ್ತೇನೆ. ತರುವಾಯ ದೊರೆತ ಜಯವು ಆಕಸ್ಮಿಕ.” ಕೆಳಗೆ ಆಟಗಾರರ ಸಹಿ, ಸಾಕ್ಷಿಯಾಗಿ ಎದುರಾಳಿಯ ಸಹಿ.

ವಸಂತಕುಮಾರರು ಅಷ್ಟು ಹೊತ್ತೂ ಮಣೆಯನ್ನೇ ನೋಡುತ್ತಿದ್ದರು. ಸಭಾಂಗಣದಲ್ಲಿ ಅದನ್ನು ನೋಡುತ್ತಿದ್ದವರು ಅವರೊಬ್ಬರೇ.

“ಇದು ತಪ್ಪಲ್ಲ,” ಎಂದರು ನಿಧಾನವಾಗಿ. “ಐವತ್ತು ವರ್ಷದಿಂದ ಆಡ್ತಾ ಇದ್ದೇನೆ. ಇಂಥ ನಡೆ ನೋಡಿಲ್ಲ.”

“ಬರೆದು ಕೊಡಿ ಸರ್,” ಎಂದರು ಜಯಶೀಲ ವಿನಯದಿಂದ. “ತಪ್ಪಲ್ಲ ಅಂತಾದ್ರೆ ಅವರದ್ದು ಸೊನ್ನೆ ದೋಷ. ಸೊನ್ನೆ ಆದ್ರೆ ಅನರ್ಹ. ಷೀಲ್ಡು ನಿಮಗೆ, ಐದನೇ ಸಲ. ನಮ್ಮದೇನೂ ಅಭ್ಯಂತರ ಇಲ್ಲ.”

ವಸಂತಕುಮಾರರು ಲೀಲಾಧರರ ಮುಖ ನೋಡಿದರು. ಲೀಲಾಧರರು ಗೋಡೆಯ ಹಲಗೆಯನ್ನು ನೋಡುತ್ತಿದ್ದರು.

“ಹೌದು,” ಎಂದರು ವಸಂತಕುಮಾರ, ಪೆನ್ನು ತೆಗೆದುಕೊಂಡು. “ದೊಡ್ಡ ತಪ್ಪೇ.”

ಇಬ್ಬರೂ ಸಹಿ ಹಾಕಿದರು. ಲೀಲಾಧರರು ಸಹಿಗೆ ಮೊದಲು ಕನ್ನಡಕಕ್ಕಾಗಿ ಜೇಬು ತಡಕಿದ್ದು ‘ವಯೋಸಹಜ’ ಎಂಬುದಕ್ಕೆ ಪೂರಕ ಸಾಕ್ಷ್ಯವಾಯಿತು. ಶಾಲು ಹೊದಿಸಿದರು. ಹಲಗೆಯ ಮೇಲೆ ಚಿನ್ನದ ಬಣ್ಣದಲ್ಲಿ ‘ಲೀಲಾಧರ (ದೋಷಸಹಿತ)’ ಎಂದು ಬರೆಯಲಾಯಿತು. ಅಕ್ಕು ಅದರ ಫೋಟೋ ತೆಗೆದು ಊರಿಗೆ ಕಳಿಸಿದಳು.

ಆಮೇಲೆ ಲೋಕಲ್ ಟ್ರೈನಿನಲ್ಲಿ, ತರಕಾರಿ ಮಾರ್ಕೆಟಿನಲ್ಲಿ, ಎಲ್ಲಿ ಸಿಕ್ಕರೂ ಜನ ಸಮಾಧಾನ ಹೇಳತೊಡಗಿದರು. “ಬೇಜಾರು ಮಾಡ್ಬೇಡಿ, ಯಾರಿಗಾದ್ರೂ ಆಗ್ತದೆ.” ಲೀಲಾಧರರು “ಪ್ರಾಯ ಆಯ್ತು ನೋಡಿ” ಎನ್ನುತ್ತಿದ್ದರು. ಮೊದಲ ವಾರ ಅದನ್ನು ಬಾಯಿಮಾತಿಗೆ ಹೇಳುತ್ತಿದ್ದರು.

ಈಗ ಪ್ರತಿ ಭಾನುವಾರ ವಸಂತಕುಮಾರರು ಐರೋಲಿಯಿಂದ ಅವರ ಮನೆಗೆ ಆಡಲು ಬರುತ್ತಾರೆ. ಹೋದ ವಾರ ಆಟದ ನಡುವೆ ಲೀಲಾಧರರ ಕೈ ರಾಣಿಯ ಮೇಲೆ ಹೋಗಿ ನಿಂತಿತು. ವಸಂತಕುಮಾರರು ಉಸಿರು ಬಿಗಿಹಿಡಿದು ಕಾದರು. ಲೀಲಾಧರರು ತುಂಬ ಹೊತ್ತು ಮಣೆ ನೋಡಿ, ಕೈ ಹಿಂದೆಗೆದುಕೊಂಡು, ಒಂದು ಕಾಲಾಳನ್ನು ಒಂದು ಮನೆ ಮುಂದಿಟ್ಟರು.

“ಬೇಡ,” ಎಂದರು. “ಒಮ್ಮೆ ಮಾಡಿದ ತಪ್ಪೇ ಸಾಕು.”

“ಒಳ್ಳೇದಾಯ್ತು,” ಎಂದರು ವಸಂತಕುಮಾರ, ಆ ರಾಣಿಯಿಂದ ಕಣ್ಣು ತೆಗೆಯದೆ. “ಬಚಾವಾದಿರಿ.”