ಟ್ರಿಗರಿನ ಮೇಲಿನ ದೂರು

ಹಾರ್ಲನ್‌ನ ಪಿಸ್ತೂಲಿಗೆ ಒಂದೇ ಒಂದು ಐಬು, ಅದೂ ಅವನ ಪ್ರಕಾರ. ಎರಡು ವರ್ಷದಲ್ಲಿ ಅದು ಒಮ್ಮೆಯೂ ಕೈಕೊಟ್ಟಿರಲಿಲ್ಲ. ಮಳೆಯಲ್ಲಿ ನೆನೆದರೂ, ಧೂಳು ತಿಂದರೂ ಢಂ ಎನ್ನುತ್ತಿತ್ತು. ಆದರೆ ಡಬಲ್ ಆಕ್ಷನ್ ಜಾತಿಯದು. ಮೊದಲ ಗುಂಡಿಗೆ ಟ್ರಿಗರನ್ನು ಬಾವಿಯಿಂದ ಕೊಡ ಸೇದಿದ ಹಾಗೆ ಎಳೆಯಬೇಕು. ಆ ಗುಂಡು ಗುರಿಹಲಗೆ ಬಿಟ್ಟು ಮಣ್ಣಿಗೆ ಹೋಗುತ್ತಿತ್ತು. ಆಮೇಲಿನ ಗುಂಡುಗಳಿಗೆ ಟ್ರಿಗರ್ ಹಗುರ. ಅವೂ ಮಣ್ಣಿಗೇ ಹೋಗುತ್ತಿದ್ದವು. ಆ ಮಾತನ್ನು ಅವನು ಎತ್ತುತ್ತಿರಲಿಲ್ಲ.

ಕ್ಯಾನ್ಸಸ್‌ನ ಆ ಸಣ್ಣ ಊರಿನ ಶೂಟಿಂಗ್ ಕ್ಲಬ್ಬಿನಲ್ಲಿ ಒಂದು ಪದ್ಧತಿ: ವಸಂತದ ಪಂದ್ಯದಲ್ಲಿ ಕಟ್ಟಕಡೆಗೆ ಬಂದವರು ವರ್ಷವಿಡೀ ಕ್ಲಬ್ಬಿನ ಕಕ್ಕಸು ತೊಳೆಯಬೇಕು. ಹಾರ್ಲನ್ ಎರಡು ವರ್ಷ ತೊಳೆದಿದ್ದ. ಈ ಸಲವಾದರೂ ಬ್ರಷ್ಷು ಬೇರೆಯವರ ಕೈಗೆ ದಾಟದಿದ್ದರೆ ಮರ್ಯಾದೆ ಉಳಿಯುವಂತಿರಲಿಲ್ಲ.

“ಭಾವ, ಒಳಗಿನ ಸ್ಪ್ರಿಂಗ್ ಬದಲಾಯ್ಸು,” ಎಂದ ಹೆಂಡತಿಯ ತಮ್ಮ ರಸ್ಟಿ, ಪಂದ್ಯದ ಬೆಳಿಗ್ಗೆ ಅಕ್ಕನ ಮನೆಯ ಮೂರನೆಯ ಪ್ಯಾನ್‌ಕೇಕಿಗೆ ಪಾಕ ಸುರಿದುಕೊಳ್ಳುತ್ತಾ. “ನನ್ ಹತ್ರ ಮೆತ್ತಂದು ಒಂದಿದೆ. ಹಾಕಿದ್ರೆ ಟ್ರಿಗರ್ ಬೆಣ್ಣೆ!”

ಹಾಕಿದರು. ನಿಜಕ್ಕೂ ಬೆಣ್ಣೆಯಾಯಿತು.

ಪಂದ್ಯಕ್ಕೆ ಐದು ಗುಂಡು. ಅಲ್ಲಿಯವರೆಗೆ ಹೊಡೆದವರಲ್ಲಿ ಎಲ್ಲರಿಗಿಂತ ಹಿಂದಿದ್ದವನು ರಸ್ಟಿ, ಇನ್ನು ಹಾರ್ಲನ್‌ನ ಸರದಿ ಒಂದೇ ಉಳಿದಿತ್ತು. ಹಾರ್ಲನ್ ಉಸಿರು ಹಿಡಿದು ಎಳೆದ. ‘ಟಿಕ್’ ಎಂದಿತು, ಗುಂಡು ಹಾರಲಿಲ್ಲ. ಆದರೆ ಪಿಸ್ತೂಲಿನ ಮೂತಿ ಮಾತ್ರ ದಬಕ್ಕನೆ ನೆಲಕ್ಕೆ ಬಾಗಿತು.

“ಏನಪ್ಪಾ,” ಎಂದಳು ಪಂದ್ಯ ನಡೆಸುವ ಮುದುಕಿ ಬರ್ನೀಸ್, “ಸ್ಪ್ರಿಂಗು ಮೆತ್ತಗಾಗಿ ಗುಂಡಿಗೆ ಏಟು ಸಾಲ್ತಿಲ್ಲ, ಅದು ಸರಿ. ಗುಂಡೇ ಹಾರ್ದೆ ನೀನ್ಯಾಕೆ ಬೆಚ್ಚಿದೆ? ಕಣ್ಣೂ ಮುಚ್ಕೊಂಡಿದ್ದೆ!”

ಮತ್ತೆರಡು ಸಲ ಟಿಕ್, ಎರಡು ಸಲವೂ ಮೂತಿ ನೆಲಕ್ಕೆ. ಊರೆಲ್ಲ ಕೇಳುವಂತೆ ಬೈಸಿಕೊಂಡಿದ್ದ ಟ್ರಿಗರು ನಿರಪರಾಧಿ ಎಂದು ಊರೆಲ್ಲ ನೋಡುವಂತೆ ಸಾಬೀತಾಯಿತು.

“ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ,” ಎಂದು ರಸ್ಟಿ ಹೊಟ್ಟೆ ಹಿಡಿದು ನಕ್ಕ. ಹಾರ್ಲನ್‌ಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು.

ಗುಂಡು ಹಾರದಿದ್ದರೆ ಇನ್ನೊಂದು ಅವಕಾಶ ಉಂಟು. ಹಾರ್ಲನ್ ಹಳೆಯ ಸ್ಪ್ರಿಂಗನ್ನೇ ಮತ್ತೆ ಹಾಕಿ, “ಈ ದರಿದ್ರ ಟ್ರಿಗರನ್ನ ಯಾರಾದ್ರೂ ಎಳೆದು ತೋರ್ಸಿ ನೋಡೋಣ!” ಎಂದು ಸವಾಲೆಸೆದ.

“ಕೊಡು ಇಲ್ಲಿ,” ಎಂದಳು ಹೆಂಡತಿ ಟ್ವೈಲಾ, ಎಲ್ಲರ ಊಟಕ್ಕೆಂದು ತಂದ ಬೀನ್ಸಿನ ಪಾತ್ರೆ ಕೆಳಗಿಟ್ಟು. “ನಮ್ದು ಕುಟುಂಬದ ಸದಸ್ಯತ್ವ. ಯಾರು ಹೊಡೆದ್ರೂ ನಡೆಯುತ್ತಲ್ವಾ ಬರ್ನೀಸ್?”

ಬರ್ನೀಸ್ ತಲೆಯಾಡಿಸಿದಳು. ಟ್ವೈಲಾ ಐದು ಗುಂಡು ಹಾರಿಸಿದಳು. ಐದೂ ನಡುವಿನ ಕಪ್ಪು ವೃತ್ತದಲ್ಲಿ ಕೂತವು, ಬಿಗಿ ಟ್ರಿಗರಿನ ಮೊದಲನೆಯದೂ ಸೇರಿ.

ಹಾರ್ಲನ್ ಕುಣಿದಾಡಿದ. ಕಟ್ಟಕಡೆಯವನು ಈಗ ರಸ್ಟಿ!

“ಬ್ರಷ್ ಹಿಡ್ಕೋ ಮಗನೇ!”

ರಸ್ಟಿ ಸೊಂಟದ ಮೇಲೆ ಕೈಯಿಟ್ಟು ಮುಖ ಹಿಂಡಿದ. “ಅಕ್ಕಾ, ನನ್ ಸೊಂಟ...”

“ಪಾಪ, ಬಗ್ಗೋಕೇ ಆಗಲ್ಲ ಅವನಿಗೆ,” ಎಂದು ಟ್ವೈಲಾ ಬರ್ನೀಸಳತ್ತ ತಿರುಗಿದಳು. “ಅವನ ಬದಲು ನಮ್ ಹಾರ್ಲನ್ನೇ ತೊಳೀತಾನೆ ಅಂತ ಬರ್ಕೊಳ್ಳಿ. ಅವನಿಗೆ ಕೈ ಪಳಗಿದೆ.”

ಹಾರ್ಲನ್ ಬಾಯಿ ತೆರೆದ. ಟ್ವೈಲಾ ಪಿಸ್ತೂಲನ್ನು ಖಾಲಿ ಮಾಡಿ ತನ್ನ ಕೈಚೀಲಕ್ಕೆ ಸೇರಿಸಿದಳು.

“ಇದೂ ಇನ್ಮೇಲೆ ನಂದು. ಟ್ರಿಗರ್ ತುಂಬಾ ಚೆನ್ನಾಗಿದೆ.”