ಬೆನ್ ಗಾರ್ವ್‌ನ ಬಿಳಿ ಕಲ್ಲುಗಳು

ಮದುವೆಯ ಊಟದಲ್ಲಿ ವಿಸ್ಕಿ ಎರಡನೆಯ ಸುತ್ತು ಬಂದಾಗ ಫಾರ್ಕರ್ ಮ್ಯಾಕ್ರೇ ಎದ್ದುನಿಂತು ಮಾತು ಕೊಟ್ಟಿದ್ದ: ಬೆನ್ ಗಾರ್ವ್ ಬೆಟ್ಟದ ತುದಿಯಿಂದ ಕಾಣುವ ಏಳು ದ್ವೀಪಗಳನ್ನೂ ಹೆಂಡತಿ ಮಾರ್ಸಲಿಗೆ ತೋರಿಸುತ್ತೇನೆ, ಮೂವತ್ತು ವರ್ಷದೊಳಗೆ ತೋರಿಸದಿದ್ದರೆ ನಮ್ಮೂರ ದೋಣಿಕಟ್ಟೆಯ ಮೇಲೆ ನಿಂತು, ಅವಳ ತವರು ಇನ್ವರ್‌ಲೇರ್‌ನ ಜಲಪಾತವೇ ನಮ್ಮ ಬೆಟ್ಟಕ್ಕಿಂತ ಮಿಗಿಲು ಎಂದು ಕೂಗಿ ಹೇಳುತ್ತೇನೆ. ಮೂವತ್ತು ವರ್ಷ ಎಂದಾಗ ಎಲ್ಲರೂ ನಕ್ಕಿದ್ದರು. ಬೆಟ್ಟ ಅವನ ಹಿತ್ತಿಲಿನಿಂದಲೇ ಶುರುವಾಗುತ್ತಿತ್ತು.

ಫಾರ್ಕರನ ಊರಾದ ಪೋರ್ಟ್ ಗಾರ್ವ್‌ನಲ್ಲಿ ಆ ಜಲಪಾತದ ಹೆಸರೆತ್ತಿದರೆ ಇಡೀ ಊರಿಗೆ ಹಲ್ಲುನೋವು ಬಂದಂತಾಗುತ್ತದೆ. ಊರಿನ ಮರ್ಯಾದೆಯ ಕಾವಲುಗಾರ ಫಾರ್ಕರನೇ. ಸೀಲುಗಳು ಮಲಗುವ ಬಂಡೆ, ಡಾಲ್ಫಿನ್ ನೆಗೆಯುವ ಮೂಲೆ, ಕಡಲಿನ ನಡುವೆ ಒಂಟಿಯಾಗಿ ನಿಂತ ಕಲ್ಲುಕಂಬ, ಎಲ್ಲವನ್ನೂ ಸ್ವಂತ ಕೈಯಿಂದ ಮಾಡಿಟ್ಟವನ ಹಾಗೆ ಪ್ರವಾಸಿಗರಿಗೆ ತೋರಿಸುತ್ತಿದ್ದ. ಶಿಖರದ ಕಲ್ಲುಗುಡ್ಡೆಯ ಪಕ್ಕ ಸಾಲಾಗಿ ಕೂತ ಬಿಳಿ ಕಲ್ಲುಗಳನ್ನು ಸಾವಿರ ವರ್ಷದ ಹಿಂದೆ ಕಡಲು ದಾಟಿ ಬಂದ ವೈಕಿಂಗರು ಇಟ್ಟುಹೋದರೆಂದು ಅವನು ಹೇಳಿ ಹೇಳಿ, ಊರಿನವರು ಕೊನೆಗೆ ಹಿತ್ತಾಳೆಯ ಫಲಕವನ್ನೇ ಹಾಕಿಸಿದ್ದರು.

ಹೆಂಡತಿಯನ್ನು ಕರೆದೊಯ್ಯಲು ಮಾತ್ರ ಯೋಗ ಕೂಡಿಬಂದಿರಲಿಲ್ಲ. ಹೊರಟಾಗಲೆಲ್ಲ ಮಂಜು. ಆ ಮಂಜಿಗೂ ತನಗೂ ಹಿಂದಿನ ಜನ್ಮದ ಹಗೆ ಎನ್ನುತ್ತಿದ್ದ.

ಗಡುವಿನ ಕೊನೆಯ ದಿನ ಬೆಳಗ್ಗೆ ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಫಾರ್ಕರ್ ಮೀಸೆ ತಿರುವಿ ಹೆಂಡತಿಯೊಡನೆ ಹೊರಟ. ಗೇಟು ದಾಟುವಷ್ಟರಲ್ಲಿ ಅಂಚೆಮನೆಯ ಇಷ್‌ಬೆಲ್ ಬಾಗಿಲಿಗೆ ಬೀಗ ಜಡಿದು ಓಡಿಬಂದಳು. ಸಾಕ್ಷಿ ಬೇಡವೇ ಎಂದಳು. ಹಿಂದೆಯೇ ಮುದಿ ಮೀನುಗಾರ ಟಾರ್ಮೋಡ್. ಬೆಟ್ಟ ಹತ್ತುವವರು ಕಡಲ ದಂಡೆಯಿಂದ ಒಂದು ಕಲ್ಲು ಹೊತ್ತು ಶಿಖರದ ಗುಡ್ಡೆಗೆ ಸೇರಿಸುವುದು ಊರಿನ ಪದ್ಧತಿ, ಬರಿಗೈಯಲ್ಲಿ ಹೋದರೆ ಬೆಟ್ಟ ಮುನಿಯುತ್ತದೆ ಎಂದು ಅವನು ಎಲ್ಲರನ್ನೂ ದಂಡೆಗೆ ತಿರುಗಿಸಿದ. ತಾನೇ ಕುಂಬಳಕಾಯಿ ಗಾತ್ರದ್ದೊಂದನ್ನು ಆರಿಸಿಕೊಂಡು, ಅರ್ಧ ದಾರಿಗೆ ಅದನ್ನು ಫಾರ್ಕರನ ಚೀಲಕ್ಕೆ ತುರುಕಿದ.

ಮೇಲಿನ ಬೇಲಿಯ ಸಂದಿಯಲ್ಲಿ ಕಣ್ಣು ಮುಚ್ಚುವಷ್ಟು ಕೂದಲಿನ ಹೈಲ್ಯಾಂಡ್ ಹಸುವೊಂದು ಸುಂಕದ ಕಟ್ಟೆಯವನಂತೆ ಅಡ್ಡ ನಿಂತಿತ್ತು. ಫಾರ್ಕರ್ ತಳ್ಳಿದ. ಅದು ಒಂದು ಉಸಿರು ಬಿಟ್ಟಿತು, ಅಷ್ಟೇ. ಬೆನ್ನಿನ ಕಲ್ಲು ಹಿಂದಕ್ಕೆಳೆದು ಅವನು ಕಪ್ಪು ಜೌಗಿನಲ್ಲಿ ಸೊಂಟದವರೆಗೆ ಕೂತುಬಿಟ್ಟ. ಮೂವರೂ ಸೇರಿ ಎಳೆದು ತೆಗೆದರು. ಇಷ್‌ಬೆಲ್ ಅವನ ಆಯಾಸಕ್ಕೆಂದು ಚಹಾ ಬಗ್ಗಿಸಿದಳು. ಚಹಾದ ಜೊತೆ ಓಟ್ಸ್ ರೊಟ್ಟಿ, ರೊಟ್ಟಿಯ ಜೊತೆ ಊರಿನ ಸುದ್ದಿ.

ಆಗ ದಾರಿಯಲ್ಲಿ ಇಬ್ಬರು ಪ್ರವಾಸಿಗರು ಕಂಡರು. ಇಲ್ಲಿ ನೋಡುವಂಥದ್ದು ಏನಿದೆ ಎಂದು ಕೇಳಿದರು. ಬೆಕ್ಕಿನ ಮುಂದೆ ಹಾಲಿಟ್ಟಂತಾಯಿತು. ಫಾರ್ಕರ್ ಸೀಲುಗಳಿಂದ ಹಿಡಿದು ವೈಕಿಂಗರವರೆಗೆ ಒಂದನ್ನೂ ಬಿಡದೆ ಹೇಳಿದ. ಮಾರ್ಸಲಿ ಒಮ್ಮೆ ಕಡಲ ಕಡೆ ನೋಡಿದಳು. ಅವನು ಮಾತು ಮುಗಿಸಿ ತಿರುಗಿದಾಗ ಕಡಲಿನಿಂದ ಮಂಜು ಕುರಿಮಂದೆಯಂತೆ ಏರಿ ಬರುತ್ತಿತ್ತು.

ಸಾಕ್ಷಿಗಳನ್ನು ಹಿಂದೆ ಬಿಟ್ಟು ಹೆಂಡತಿಯ ಕೈಹಿಡಿದು ಓಡಿದ. ಶಿಖರ ಮುಟ್ಟಿದಾಗ ತನ್ನ ಬೂಟೇ ತನಗೆ ಕಾಣುತ್ತಿರಲಿಲ್ಲ. ಆದರೂ ಬಿಡದೆ ಕೈ ಚಾಚಿದ. "ಅಗೋ, ಆ ಕಡೆ ಮೊದಲನೇದು. ಅದರ ಪಕ್ಕ ಉದ್ದಕ್ಕೆ ಮಲಗಿರೋದು..."

"ಅದು ಇನ್ನೂ ಎಡಕ್ಕೆ ಕಣೋ," ಎಂದಳು ಮಾರ್ಸಲಿ.

ಫಾರ್ಕರನ ಕೈ ಗಾಳಿಯಲ್ಲೇ ನಿಂತಿತು. ಅವಳು ಜೇಬಿನಿಂದ ದಂಡೆಯ ಬಿಳಿ ಕಲ್ಲೊಂದನ್ನು ತೆಗೆದು, ಬಗ್ಗಿ, ವೈಕಿಂಗರ ಸಾಲಿನ ಕೊನೆಯಲ್ಲಿಟ್ಟಳು. ಅದು ಅಲ್ಲಿಯದೇ ಎಂಬಂತೆ ಕೂತಿತು.

"ಇವೆಲ್ಲ... ನೀನಾ?"

"ವರ್ಷಕ್ಕೊಂದು. ಬಿಸಿಲಿದ್ದ ದಿನವೆಲ್ಲ ನೀನು ಪ್ರವಾಸಿಗರ ಪಾಲು. ಅವರು ಯಾರೂ ಬಾರದ ಮಂಜಿನ ದಿನ ನನ್ನ ಪಾಲು. ಕಾದು ಸಾಕಾಯ್ತು, ಬಿಸಿಲಿದ್ದಾಗ ನಾನೇ ಹತ್ತಿದೆ. ನೀನು ವೈಕಿಂಗರು ಅಂದಾಗ ಎಷ್ಟು ಬೀಗ್ತಿದ್ದೆ ಅಂದ್ರೆ, ಹೇಳೋಕೆ ಮನಸ್ಸು ಬರಲಿಲ್ಲ."

ಕೆಳಗಿನಿಂದ ಏದುಸಿರು ಕೇಳಿಸಿತು. ಸಾಕ್ಷಿಗಳು ಬರುತ್ತಿದ್ದರು. ಮಾರ್ಸಲಿ ತಗ್ಗಿದ ದನಿಯಲ್ಲಿ ಕೇಳಿದಳು: "ಏಳೂ ನೋಡಿದ್ದೀನಿ ಅಂದುಬಿಡ್ಲಾ? ಸುಳ್ಳಂತೂ ಅಲ್ಲ."

ಹಾಗೆಂದರೆ ಯಾವಾಗ, ಹೇಗೆ ಎಂದು ಇಷ್‌ಬೆಲ್ ಕೇಳದೆ ಬಿಡುವವಳಲ್ಲ. ಕಲ್ಲುಗಳ ಗುಟ್ಟು ಹೊರಬಿದ್ದು ಸಂಜೆಯೊಳಗೆ ಹಿತ್ತಾಳೆಯ ಫಲಕ ಊರಿನ ನಗೆಪಾಟಲಾಗುತ್ತದೆ, ಇನ್ವರ್‌ಲೇರ್‌ನವರು ಬಸ್ಸು ಮಾಡಿಕೊಂಡು ಬಂದು ನೋಡುತ್ತಾರೆ. ಫಾರ್ಕರ್ ಬಿಳಿ ಕಲ್ಲುಗಳನ್ನು ನೋಡಿದ. ಹೆಂಡತಿಯನ್ನು ನೋಡಿದ.

"ತೋರಿಸಿದೆಯೇನಯ್ಯಾ?" ಎಂದ ಟಾರ್ಮೋಡ್, ಮಂಜಿನೊಳಗಿಂದ.

"ಇಲ್ಲ," ಎಂದ ಫಾರ್ಕರ್. "ನಾನು ತೋರಿಸಲಿಲ್ಲ."

ಶನಿವಾರ ದೋಣಿಕಟ್ಟೆಯ ಮೇಲೆ ಎರಡೂ ಊರು ಸೇರಿತ್ತು. ತೊಂಬತ್ತು ದಾಟಿದ ಮಾವ, ಮಾರ್ಸಲಿಯ ಅಪ್ಪ, ಗಾಲಿಕುರ್ಚಿಯಲ್ಲಿ ಮುಂದಿನ ಸಾಲಿನಲ್ಲೇ ಇದ್ದ. ಫಾರ್ಕರ್ ಕಟ್ಟೆಯ ತುದಿಗೆ ನಡೆದು, ಟೋಪಿ ತೆಗೆದು, ಇನ್ವರ್‌ಲೇರ್‌ನ ಜಲಪಾತ ಬೆನ್ ಗಾರ್ವ್‌ಗಿಂತ ಮಿಗಿಲು ಎಂದು ಕೂಗಿ ಹೇಳಿದ. ಅವನ ಬೆನ್ನ ಹಿಂದೆ ಬೆಟ್ಟ ಬುಡದಿಂದ ತುದಿಯವರೆಗೆ ಬಿಸಿಲಲ್ಲಿ ಹೊಳೆಯುತ್ತಿತ್ತು. ಎಲ್ಲಿಯೂ ಒಂದು ಎಳೆ ಮಂಜಿರಲಿಲ್ಲ.

ಕೊಟ್ಟ ಮಾತು ಉಳಿಯಿತು.