ಇದು ಇಸ್ಪೀಟಲ್ಲ ಕಣ್ರೀ!

ಕೆಲವರನ್ನು ಕಂಡರೆ ನಾಯಿಗೆ ಆಗುವುದಿಲ್ಲ, ಕೆಲವರಿಗೆ ಬಸ್ಸು ಯಾವಾಗಲೂ ಕಣ್ಣೆದುರೇ ಹೊರಟುಹೋಗುತ್ತದೆ. ನನ್ನ ಹಣೆಬರಹ ಬೇರೆ. ನಾನು ಕೈಯಲ್ಲಿ ಕಾರ್ಡು ಹಿಡಿದರೆ ಸಾಕು, ಎಲ್ಲಿಂದಲೋ ಒಂದು ಅವಮಾನ ನನ್ನನ್ನೇ ಹುಡುಕಿಕೊಂಡು ಬರುತ್ತದೆ. ಒಂದು ಸಲ ಆದರೆ ಗ್ರಹಚಾರ ಅಂತ ಸುಮ್ಮನಿರಬಹುದು. ಮೇಲಿಂದ ಮೇಲೆ ಆದರೆ?

ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ಸಕಲೇಶಪುರದಲ್ಲಿ ಒಬ್ಬ ಹಲ್ಲಿನ ಡಾಕ್ಟರ ಹತ್ತಿರ ನಾನು ಅಸಿಸ್ಟೆಂಟ್ ಆಗಿದ್ದೆ. ಮನೆ ಪಾಳ್ಯದ ಕಡೆ. ದಿನಾ ಪಾಳ್ಯಕ್ಕೆ ಬಂದು ಅಲ್ಲಿಂದ ಬಸ್ಸು. ಮಳೆಗಾಲದಲ್ಲಿ ನಮ್ಮ ಜನ ಹಲ್ಲು ನೋವಾದರೆ ಲವಂಗ ಕಚ್ಚಿಕೊಂಡು ಮನೆಯಲ್ಲೇ ಕೂರುತ್ತಾರೆ, ಕ್ಲಿನಿಕ್ಕಿಗೆ ಬರುವುದಿಲ್ಲ. ಖಾಲಿ ಕೂತು ಕೂತು ಬೇಜಾರಾಗಿ ಡಾಕ್ಟರು, ತಾವು ಮಂಗಳೂರಿನಲ್ಲಿ ಓದುವಾಗ ಹಾಸ್ಟೆಲಿನಲ್ಲಿ ಕಲಿತಿದ್ದ ಒಂದು ಕಾರ್ಡಿನ ಆಟವನ್ನು ನನಗೂ ಕಲಿಸಿದರು.

ಇಸ್ಪೀಟಲ್ಲ. ಈಗಲೇ ಹೇಳಿಬಿಡುತ್ತೇನೆ, ಇಸ್ಪೀಟಲ್ಲ. ಇದರಲ್ಲಿ ದುಡ್ಡು ಕಟ್ಟುವುದಿಲ್ಲ. ರಾಜ, ರಾಣಿ, ಗುಲಾಮ ಯಾರೂ ಇಲ್ಲ. ಒಂದೊಂದು ಕಾರ್ಡಿನ ಮೇಲೂ ಒಂದೊಂದು ಚಿತ್ರ, ಅದಕ್ಕೊಂದು ಶಕ್ತಿ. ಬೆಂಕಿ ಉಗುಳುವ ಡ್ರ್ಯಾಗನ್, ಕತ್ತಿ ಹಿಡಿದ ಸೈನಿಕ, ಗಡ್ಡದ ಮಂತ್ರವಾದಿ. ನಮ್ಮ ಹತ್ತಿರ ಇರುವ ನೂರಾರು ಕಾರ್ಡುಗಳಲ್ಲಿ ಅರವತ್ತನ್ನು ಆರಿಸಿ ಒಂದು ಕಟ್ಟು ಮಾಡಿಕೊಳ್ಳಬೇಕು, ಅದೇ ನಮ್ಮ ಡೆಕ್. ಎದುರಿನವರ ಡೆಕ್ ಅವರದು. ಆಮೇಲೆ ಅವರ ಸೈನ್ಯಕ್ಕೂ ನಮ್ಮ ಸೈನ್ಯಕ್ಕೂ ಕಾಳಗ. ಆಡುವುದಕ್ಕಿಂತ ಕಷ್ಟದ ಕೆಲಸ ಡೆಕ್ ತಿದ್ದುವುದು. ಸಾರಿಗೆ ಉಪ್ಪು, ಹುಳಿ, ಖಾರ ನೋಡಿದ ಹಾಗೆ. ಸೈನಿಕರು ಹೆಚ್ಚಾದರೆ ಮಂತ್ರಕ್ಕೆ ಜಾಗ ಇಲ್ಲ, ಮಂತ್ರ ಹೆಚ್ಚಾದರೆ ಹೊಡೆಯುವವರೇ ಇಲ್ಲ. ಮಂಗಳೂರಿನಲ್ಲಿ ವರ್ಷಕ್ಕೊಮ್ಮೆ ಈ ಆಟದ ಪಂದ್ಯ ನಡೆಯುತ್ತದೆ ಅಂತ ಡಾಕ್ಟರು ಹೇಳಿದ ದಿನದಿಂದ, ಅಲ್ಲಿ ಗೆಲ್ಲಲೇಬೇಕು ಅಂತ ನನಗೆ ಹಠ ಹಿಡಿದುಬಿಟ್ಟಿತು.

ಇದರಲ್ಲಿ ನಗುವಂಥದ್ದೇನಿದೆ, ಹೇಳಿ ನೋಡೋಣ?

ನಾಲ್ಕೂ ಕಿತ್ತುಬಿಡಿ

ಬಾಳ್ಳುಪೇಟೆಯ ಲಾರಿ ಡ್ರೈವರೊಬ್ಬ ದವಡೆ ಊದಿಸಿಕೊಂಡು ಬಂದಿದ್ದ. ಮೀಸೆ ನೋಡಿದರೆ ಹುಲಿಯನ್ನೇ ಹೊಡೆದವನ ಹಾಗಿದ್ದ. ಡಾಕ್ಟರು ಕುರ್ಚಿಯಲ್ಲಿ ಕೂರಿಸಿ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, "ಸ್ವಲ್ಪ ಹೊತ್ತು ಹಾಗೇ ಇರಿ" ಅಂದು ಪರದೆಯ ಈಚೆ ಬಂದರು. ಈಚೆ ಮೇಜಿನ ಮೇಲೆ ನನ್ನ ಡೆಕ್ ಹರಡಿಕೊಂಡಿತ್ತು. ಬೆಳಗ್ಗೆಯಿಂದ ಅದರದೇ ಚರ್ಚೆ.

ನಾನು ಹೇಳಿದೆ, "ಮುಂದಿನವು ಎರಡು ಸುಮ್ಮನೆ ಜಾಗ ತಿಂತಾ ಇವೆ ಡಾಕ್ಟ್ರೇ. ಕಿತ್ತು ಹಾಕಿ."

"ಎರಡು ಕಿತ್ತರೆ ಸಾಕಾ?"

"ಎಲ್ಲಿ ಸಾಕು? ಹಿಂದೆ ಇರೋ ಹಳೇವು ನಾಲ್ಕೂ ದಂಡ. ನಾಲ್ಕೂ ಕಿತ್ತುಬಿಡಿ."

ಡಾಕ್ಟರು ಯೋಚನೆ ಮಾಡಿದರು. "ಕಿತ್ತ ಮೇಲೆ ತಪ್ಪಾಯ್ತು ಅನ್ನಿಸಿದ್ರೆ?"

"ಇವತ್ತು ಸುಮ್ನೆ ಪ್ರಯೋಗ ಮಾಡೋಣ. ಸರಿ ಹೋಗಲಿಲ್ಲ ಅಂದ್ರೆ ನಾಳೆ ಅವನ್ನೇ ತಂದು ವಾಪಸ್ ಸಿಕ್ಕಿಸಿದರಾಯ್ತು!"

ಪರದೆಯ ಆಚೆ ಏನೋ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಕುರ್ಚಿ ಖಾಲಿ. ಕಿಟಕಿಯಿಂದ ಇಣುಕಿದೆ. ಆ ಹುಲಿ ಮೀಸೆಯವನು, ನಾನು ಕುತ್ತಿಗೆಗೆ ಕಟ್ಟಿದ್ದ ಬಿಳಿ ಬಟ್ಟೆ ಹಾರಾಡಿಸುತ್ತ, ಮರಗಟ್ಟಿದ ಬಾಯಿ ಓರೆ ಮಾಡಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಓಡುತ್ತಿದ್ದ.

ಹೋಗಲಿ, ಓಡಿದ ಅಂತ ಬಿಡಬಹುದು. ಆದರೆ ಅವನು ಸುಮ್ಮನಿದ್ದನೇ? ಹೆದ್ದಾರಿಯ ಉದ್ದಕ್ಕೂ ಲಾರಿ ನಿಲ್ಲಿಸಿದಲ್ಲೆಲ್ಲ ಹೇಳಿಕೊಂಡು ಬಂದಿದ್ದ. ಮುಂದಿನ ವಾರ ಬಂದ ಮುದುಕರೊಬ್ಬರು ಕುರ್ಚಿಯಲ್ಲಿ ಕೂರುವ ಮೊದಲೇ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು, ಬೆರಳ ಸಂದಿಯಲ್ಲಿ ನನಗೆ ಹೇಳಿದರು.

"ತಾಯಿ, ನಂಗೆ ನೋಯ್ತಾ ಇರೋದು ಒಂದೇ ಹಲ್ಲು. ಪ್ರಯೋಗ ಗಿಯೋಗ ಏನಿದ್ರೂ ಡಾಕ್ಟ್ರ ಬಾಯಲ್ಲೇ ಮಾಡ್ಕಳವ್ವ!"

ಬಸ್ಸಿನಲ್ಲಿ ಶಾಸ್ತ್ರ

ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದರೆ ನಾನು ತೊಡೆಯ ಮೇಲೆ ಬ್ಯಾಗಿಟ್ಟು, ಅದರ ಮೇಲೆ ಕಾರ್ಡು ಜೋಡಿಸಿ ನೋಡುತ್ತಿದ್ದೆ. ಮೊದಲ ಕೈಗೆ ಎಂಥ ಕಾರ್ಡು ಬರುತ್ತವೆ ಅಂತ ಮತ್ತೆ ಮತ್ತೆ ಕಲಸಿ ಪರೀಕ್ಷೆ ಮಾಡದೆ ಡೆಕ್ ಹದಕ್ಕೆ ಬರುವುದಿಲ್ಲ.

ಒಂದು ದಿನ ಪಕ್ಕದಲ್ಲಿ ಕೂತಿದ್ದ ಹೆಂಗಸು ಬಹಳ ಹೊತ್ತು ನೋಡಿ, ಮೆಲ್ಲಗೆ ಕೇಳಿತು. "ಗಿಣಿ ಎಲ್ಲೈತವ್ವ?"

"ಯಾವ ಗಿಣಿ?"

"ಶಾಸ್ತ್ರ ಹೇಳಕ್ಕೆ ಗಿಣಿ ಬೇಡ್ವಾ? ಕಾರ್ಡು ತೆಗೆಯೋರು ಯಾರು?"

ನನಗೆ ಮೈಯೆಲ್ಲ ಉರಿಯಿತು. ನಾನು ಓದಿದವಳು, ಕೆಲಸದಲ್ಲಿ ಇರುವವಳು, ಗಿಣಿಶಾಸ್ತ್ರದವಳ ಹಾಗೆ ಕಾಣುತ್ತೇನಾ? "ಇದು ಆಟ ಕಣಮ್ಮ. ಶಾಸ್ತ್ರ ಅಲ್ಲ" ಅಂದೆ.

"ಹಂಗೇ ಅಂತಾರೆ ಎಲ್ಲಾ. ಗೊತ್ತಿರೋರು ಹೇಳ್ಕಳಲ್ಲ. ನನ್ ಮಗಳಿಗೆ ಆಲೂರ್ ಕಡೆ ಒಂದು ಸಂಬಂಧ ಬಂದೈತೆ. ಹುಡುಗನ ಮನೇಲಿ ಅತ್ತೆ ಹೆಂಗೆ ಅಂತ ಒಂದೇ ಒಂದು ತೆಗ್ದು ನೋಡ್ತೀನಿ, ಬೈಬೇಡ." ನಾನು ತಡೆಯುವ ಮೊದಲೇ ಕಣ್ಣು ಮುಚ್ಚಿ, ಕೈ ಹಾಕಿ ಒಂದು ಕಾರ್ಡು ಎಳೆದೇಬಿಟ್ಟಿತು.

ಡ್ರ್ಯಾಗನ್. ಬಾಯಿ ತುಂಬ ಬೆಂಕಿ, ಕಾಲ ಕೆಳಗೆ ಸುಟ್ಟು ಬೂದಿಯಾದ ಊರು.

ಮುಂದಿನ ಸೀಟಿನವರು, ಹಿಂದಿನ ಸೀಟಿನವರು, ಟಿಕೆಟ್ ಹರಿಯುತ್ತಿದ್ದ ಕಂಡಕ್ಟರು, ಎಲ್ಲರೂ ಬಗ್ಗಿ ನೋಡಿದರು. ನಾನು ಗಾಬರಿಯಾಗಿ, "ಇದೆಲ್ಲ ಸುಳ್ಳಮ್ಮ, ನಂಬಬೇಡಿ, ಸಂಬಂಧ ಗಿಂಬಂಧ ಬಿಡಬೇಡಿ" ಅಂತ ಹೇಳುತ್ತಲೇ ಇದ್ದೆ. ಆ ಹೆಂಗಸು ನಿಧಾನವಾಗಿ ಕಾರ್ಡನ್ನು ವಾಪಸು ಕೊಟ್ಟಿತು.

"ಬಿಡಾದ್ಯಾಕೆ? ನನ್ ಮಗಳು ಇದಕ್ಕಿಂತ ಜೋರಾಗವ್ಳೆ. ಪಾಪ, ನಂಗೆ ಈಗ ಆ ಅತ್ತೇದೇ ಯೋಚ್ನೆ!"

ರೈಟರ ಸಂಸಾರ

ನಮ್ಮ ಸುತ್ತಮುತ್ತ ಈ ಆಟ ಬರುತ್ತಿದ್ದ ಮೂರನೆಯವರು ಒಬ್ಬ ಎಸ್ಟೇಟ್ ಸಾಹುಕಾರರು. ಹಲ್ಲು ಕಟ್ಟಿಸಿಕೊಳ್ಳಲು ಬಂದವರು ಆಟ ನೋಡಿ ಮರುಳಾಗಿ, ವಿದೇಶದಲ್ಲಿದ್ದ ನೆಂಟರಿಗೆ ಹೇಳಿ ಪೆಟ್ಟಿಗೆಗಟ್ಟಲೆ ಕಾರ್ಡು ತರಿಸಿದ್ದರು. ಒಳ್ಳೆ ಒಳ್ಳೆ ಕಾರ್ಡುಗಳು! ನೋಡಿದರೆ ಕಣ್ಣಲ್ಲಿ ನೀರು ಬರಬೇಕು. ಆದರೆ ತಿದ್ದುವುದು ಅಂದರೆ ಅವರಿಗೆ ಆಗದು. ದೊಡ್ಡದು ಕಂಡಿದ್ದನ್ನೆಲ್ಲ ಒಂದೇ ಡೆಕ್ಕಿಗೆ ತುಂಬುವುದು. ಬರೀ ಬಾಡೂಟ, ಅನ್ನವೇ ಇಲ್ಲ. ಹಾಗಾಗಿ ಪ್ರತಿ ಭಾನುವಾರ ನನ್ನ ಕೈಯಲ್ಲಿ ಸೋಲುತ್ತಿದ್ದರು.

ಒಂದು ಭಾನುವಾರ ಹೋದರೆ ಸಾಹುಕಾರರು ಈಜಿಚೇರಿನಲ್ಲಿ ಪೇಪರ್ ಹಿಡಿದು ಕೂತಿದ್ದಾರೆ. ಮೇಜಿನ ಹತ್ತಿರ ಎಸ್ಟೇಟಿನ ರೈಟರು, ಆಳುಗಳ ಹಾಜರಿ ನೋಡಿಕೊಳ್ಳುವ ಮನುಷ್ಯ, ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ನಿಂತಿದ್ದಾರೆ.

"ಇವತ್ತು ನಮ್ ಪರವಾಗಿ ರೈಟರ್ ಆಡ್ತಾರೆ, ವಾರವೆಲ್ಲ ಕೂರಿಸಿ ಕಲಿಸಿದೀನಿ" ಅಂದರು ಸಾಹುಕಾರರು. "ಗೆದ್ರೆ ನಾನು ಗೆದ್ದ ಹಂಗೆ. ಸೋತ್ರೆ ರೈಟರ್ ಸೋತ ಹಂಗೆ."

ಇದೆಂಥ ನ್ಯಾಯ ಅಂತ ಕೇಳುವ ಹಾಗಿಲ್ಲ, ಕಾಫಿ ಕೊಟ್ಟಿದ್ದರು. ಆಟ ಶುರುವಾಯಿತು. ನಾನು ತಿಂಗಳುಗಟ್ಟಲೆ ತಿದ್ದಿದ ಡೆಕ್ ಅವತ್ತು ನೀರು ಹರಿದ ಹಾಗೆ ಓಡಿತು. ಇನ್ನೇನು ಕೊನೆಯ ಕಾರ್ಡು ಹಾಕಬೇಕು, ಸಾಹುಕಾರರು ಫೋನ್ ಬಂತು ಅಂತ ಒಳಗೆ ಹೋದರು. ರೈಟರು ತಟ್ಟನೆ ನನ್ನ ಕಡೆ ಬಗ್ಗಿದರು.

"ಮೇಡಂ, ಆ ಕಾರ್ಡು ಹಾಕಿದ್ರೆ ನಾನು ಸೋಲ್ತೀನಿ ಅಲ್ವಾ?"

"ಹೌದು."

"ನಾನು ಸೋತ್ರೆ ನಾಳೆಯಿಂದ ನನ್ನ ಆ ಗುಡ್ಡದ ಮೇಲಿನ ತೋಟಕ್ಕೆ ಹಾಕ್ತಾರಂತೆ. ಅಲ್ಲಿ ಜಿಗಣೆ ಬಿಟ್ರೆ ಮಾತಾಡಕ್ಕೂ ಯಾರಿಲ್ಲ. ನಂಗೂ ಹೆಂಡ್ತಿ ಮಕ್ಳು ಅವ್ರೆ ಮೇಡಂ."

ಹೇಳಿ, ಏನು ಮಾಡಬೇಕು? ಗೆಲ್ಲುವ ಕಾರ್ಡು ಕೈಯಲ್ಲಿದೆ. ಎದುರಿಗೆ ರೈಟರ ಸಂಸಾರ ಕೂತಿದೆ. ಹಲ್ಲು ಕಚ್ಚಿಕೊಂಡು ಕಾರ್ಡನ್ನು ಕೆಳಗಿಟ್ಟೆ. ಸೋಲುವುದೂ ಸುಲಭವಾಗಿರಲಿಲ್ಲ! ಆ ಪುಣ್ಯಾತ್ಮರಿಗೆ ಹೇಗೆ ಗೆಲ್ಲಬೇಕು ಅಂತಲೂ ನಾನೇ ಬೆರಳಿಟ್ಟು ತೋರಿಸಬೇಕಾಯಿತು.

ಸಾಹುಕಾರರು ವಾಪಸು ಬಂದು ಮೇಜು ನೋಡಿ, ರೈಟರ ಬೆನ್ನು ತಟ್ಟಿ, ನನ್ನನ್ನು ಕನಿಕರದಿಂದ ನೋಡಿದರು.

"ಬೇಜಾರ್ ಮಾಡ್ಕಬೇಡ ಮಾರಾಯ್ತಿ. ನಾನೇ ಕೂತಿದ್ರೆ ಇನ್ನೂ ಬೇಗ ಸೋಲಿಸ್ತಿದ್ದೆ."

ಒಂದು ಕೈ ಕಡಿಮೆ

ನನ್ನನ್ನು ನೋಡಲು ಅರಸೀಕೆರೆ ಕಡೆಯಿಂದ ಗಂಡಿನವರು ಬಂದಿದ್ದರು. ಹುಡುಗಿಗೆ ಕಸೂತಿ ಬರುತ್ತದೆ ಅಂತ ಅವ್ವ ಸುಳ್ಳು ಹೇಳಿತ್ತು. ಗಂಡಿನ ತಾಯಿ, "ಎಲ್ಲಿ, ಒಂದೆರಡು ತೋರಿಸವ್ವ" ಅಂತ ನನ್ನ ಕೋಣೆಗೇ ಬಂದುಬಿಟ್ಟರು. ಹಾಸಿಗೆ ತುಂಬ ಕಾರ್ಡು.

"ಇಸ್ಪೀಟಾ?" ಅಂದರು.

ಅವ್ವ ಗೋಡೆಗೊರಗಿತು. ನನಗೆ ಎಲ್ಲಿತ್ತೋ ಸಿಟ್ಟು, ಹೆಣ್ಣು ನೋಡಲು ಬಂದವರನ್ನು ಸಾಲಾಗಿ ಕೂರಿಸಿ, ಇದು ಇಸ್ಪೀಟು ಯಾಕಲ್ಲ ಅಂತ ಉಪ್ಪಿಟ್ಟು ಆರಿ ಕಲ್ಲಾಗುವವರೆಗೂ ವಿವರಿಸಿದೆ. ಎಂದೂ ಇಸ್ಪೀಟು ಮುಟ್ಟಿದವಳಲ್ಲ, ಮುಟ್ಟುವವಳೂ ಅಲ್ಲ ಅಂತ ಆಣೆ ಮಾಡಿದೆ. ಅವರು ಮುಖ ಮುಖ ನೋಡಿಕೊಂಡು ಎದ್ದು ಹೋದರು.

ಎರಡು ದಿನದ ಮೇಲೆ ಮದುವೆ ದಲ್ಲಾಳಿ ಬಂದು, ಸಂಬಂಧ ಬೇಡವಂತೆ ಅಂದ. "ಯಾಕಂತೆ?" ಅಂತ ಅವ್ವ ಕೇಳಿತು.

"ಅವ್ರ ಮನೇಲಿ ಎಲ್ರೂ ಸೇರಿ ರಮ್ಮಿ ಆಡ್ತಾರಂತೆ. ಒಂದು ಕೈ ಕಡಿಮೆ ಐತೆ ಅಂತ್ಲೇ ಹೆಣ್ಣು ಹುಡುಕ್ತಾ ಇದ್ರು. ಹಾಸಿಗೆ ಮೇಲೆ ಕಾರ್ಡು ಕಂಡು ಖುಷಿಯಾಗಿತ್ತಂತೆ. ನಿಮ್ಮುಡುಗಿ ಆಣೆ ಮಾಡಿ ಎಲ್ಲಾ ಕೆಡಿಸ್ಬುಟ್ಳು."

ಮಂಗಳೂರಿನ ಪಂದ್ಯ

ಕೊನೆಗೂ ಪಂದ್ಯದ ದಿನ ಬಂತು. ಕಾರ್ಡು ಮಾಸದಿರಲಿ ಅಂತ ಒಂದೊಂದಕ್ಕೂ ಬೆನ್ನು ಕಪ್ಪಗಿರುವ ಪ್ಲಾಸ್ಟಿಕ್ ಕವರು ತೊಡಿಸಿದ್ದೆ. ಮದುವೆಯಾಗದ ಹುಡುಗಿ ಮಂಗಳೂರಿಗೆ ಕಾರ್ಡಾಡಲು ಒಬ್ಬಳೇ ಹೋಗುವುದುಂಟೇ? ಅವ್ವನೂ ಹೊರಟಿತು. ಘಾಟಿಯ ತಿರುವಿನಲ್ಲಿ ನನಗೆ ವಾಂತಿ ಬರುತ್ತದೆ ಅಂತ ಬಸ್ಸು ಹತ್ತುತ್ತಲೇ ಮಾತ್ರೆ ನುಂಗಿ, ಡೆಕ್ ಇದ್ದ ಡಬ್ಬಿಯನ್ನು ಅವ್ವನ ಕೈಗೆ ಕೊಟ್ಟು ನಿದ್ದೆ ಹೋದೆ.

ಅವತ್ತಿನ ಡೆಕ್ಕಿನ ಪ್ರಾಣ ಒಂದೇ ಒಂದು ಕಾರ್ಡು, ಎರಡು ಕೋಡಿನ ಕಪ್ಪು ರಾಕ್ಷಸ. ಉಳಿದ ಐವತ್ತೊಂಬತ್ತೂ ಅವನನ್ನು ಹೊತ್ತು ತರುವ ಪಲ್ಲಕ್ಕಿ ಇದ್ದ ಹಾಗೆ. ಅವನು ಬಂದ ಅಂದರೆ ಎದುರಾಳಿ ಮುಗಿದ. ಮೊದಲೆರಡು ಆಟದಲ್ಲಿ ಅವನು ಕೈಗೆ ಬರದೆ ಇದ್ದರೂ ಹೇಗೋ ಗೆದ್ದೆ. ಮೂರನೆಯದು ಮಂಗಳೂರಿನ ಕಾಲೇಜು ಹುಡುಗನ ಜೊತೆ. ಗೆದ್ದವರು ಫೈನಲ್ಲಿಗೆ. ನನ್ನ ಸೈನಿಕರೆಲ್ಲ ಸತ್ತಿದ್ದರು. ಡೆಕ್ಕಿನಲ್ಲಿ ಉಳಿದಿದ್ದದ್ದು ಒಂದೇ ಕಾರ್ಡು. ಅದು ರಾಕ್ಷಸನೇ ಆಗಿರಬೇಕು! ನನಗೆ ಎಷ್ಟು ಧೈರ್ಯ ಅಂದರೆ, ಅದನ್ನು ನೋಡಲೂ ಇಲ್ಲ. ಎತ್ತಿ ಮೇಜಿಗೆ ಬಡಿದು, "ತಗೋ!" ಅಂದೆ.

ಹುಡುಗ ಬಗ್ಗಿ ನೋಡಿದ. ಆಮೇಲೆ ಚಪ್ಪಲಿ ಬಿಟ್ಟು ಕೈ ಮುಗಿದ.

ಪ್ಲಾಸ್ಟಿಕ್ ಕವರಿನೊಳಗೆ, ಹಣೆಗೆ ಕುಂಕುಮ ಹಚ್ಚಿಸಿಕೊಂಡು, ನಮ್ಮೂರ ಅಮ್ಮನವರ ಫೋಟೋ ಕೂತಿತ್ತು.

"ಮಾರಾಯ್ರೇ, ಇದಕ್ಕೆ ನಾನು ಹೊಡೆಯುವುದು ಹೇಗೆ?" ಅಂತ ಹುಡುಗ ತೀರ್ಪುಗಾರರನ್ನು ಕರೆದ. ಅವರು ಬಂದರು, ನೋಡಿದರು, ನಿಯಮದ ಪುಸ್ತಕ ತಿರುವಿದರು. "ಈ ಕಾರ್ಡ್ ತೆಗೆಯಿರಿ" ಅಂತ ನನಗೆ ಹೇಳಿದರು. "ಎಂಜಲು ಕೈ ಸಾರ್, ಈಗ ತಾನೇ ಚಿಪ್ಸ್ ತಿಂದೆ. ನೀವೇ ತೆಗೀರಿ" ಅಂದೆ. ಅವರು ಕೈ ಚಾಚಿದವರು, ಅಮ್ಮನವರ ಕಣ್ಣು ನೋಡಿ, ಹಾಗೇ ಹಿಂದಕ್ಕೆ ಎಳೆದುಕೊಂಡರು.

ನಾನು ತಿರುಗಿ ಅವ್ವನನ್ನು ನೋಡಿದೆ. ಅದು ಹಿಂದಿನ ಬೆಂಚಿನಲ್ಲಿ ಸಮಾಧಾನವಾಗಿ ಕಡಲೆಕಾಯಿ ಬಿಡಿಸುತ್ತಿತ್ತು.

"ಅವ್ವಾ! ಇಲ್ಲಿದ್ದ ರಾಕ್ಷಸ ಎಲ್ಲಿ?"

"ದೇವ್ರ ಮಗ್ಗುಲಲ್ಲಿ ಕೋಡಿರೋನು ಇರಬಾರ್ದು ಕಣೆ. ಅರವತ್ತೇ ಇರ್ಬೇಕು ಅಂತ ದಿನಾ ಬಡ್ಕತಿದ್ದೆಯಲ್ಲ, ಅದಕ್ಕೆ ಅವನ್ನ ತೆಗ್ದು ಅಮ್ಮನೋರ್ನ ಕೂರಿಸ್ದೆ. ಲೆಕ್ಕ ತಪ್ಪಿಲ್ಲ."

"ಅವನನ್ನ ಏನು ಮಾಡ್ದೆ ಅಂತ ಕೇಳ್ದೆ!"

"ಸಕಲೇಶಪುರದ ಸೇತುವೆ ಮೇಲೆ ಎಲ್ರೂ ಹೊಳೆಗೆ ಕಾಸು ಹಾಕಿದ್ರು. ನನ್ ಹತ್ರ ಚಿಲ್ಲರೆ ಇರಲಿಲ್ಲ. ಅವನ್ನೇ ಹಾಕ್ಬುಟ್ಟೆ."

ಡೆಕ್ಕಿನಲ್ಲಿ ಪರವಾನಗಿ ಇಲ್ಲದ ಕಾರ್ಡು ಇತ್ತು ಅಂತ ತೀರ್ಪುಗಾರರು ನನ್ನನ್ನು ಸೋಲಿಸಿದರು. ವರ್ಷವೆಲ್ಲ ಪಟ್ಟ ಪಾಡು ಹೇಮಾವತಿ ಹೊಳೆಯ ಪಾಲಾಯಿತು. ನಾನು ಮೇಜಿಗೆ ಗುದ್ದಿ, ಅಷ್ಟು ಜನರ ಮುಂದೆ ಅವ್ವನ ಮೇಲೆ ಕೂಗಾಡಿದೆ. "ನಿನ್ನಿಂದಲೇ ಸೋತೆ! ನಿನ್ನಿಂದಲೇ!"

ಅವ್ವ ಸೆರಗಿನ ಮೇಲಿದ್ದ ಸಿಪ್ಪೆ ಕೊಡವಿಕೊಂಡು ಎದ್ದಿತು. ಅದರ ಮುಖ ನನಗಿಂತ ಕೆಂಪಾಗಿತ್ತು.

"ನನ್ನಿಂದಂತೆ! ಸಾಕ್ಷಾತ್ ಅಮ್ಮನೋರೇ ನಿನ್ ಕಡೆ ನಿಂತು, ಆ ಹುಡುಗ ಕೈ ಮುಗ್ದು ಶರಣಾದ ಮೇಲೂ ಸೋತೆ ಅಂದ್ರೆ, ಇಷ್ಟು ದಿನ ಅದೇನು ಕಲ್ತೆ ಕಣೆ ನೀನು?"